‘ಹತ್ತು ವರ್ಷದಿಂದ ಬಿಪಿ’ ಅಂತ ಬರೆದವರು ಯಾರು?

ಹೋದ ತಿಂಗಳ ಅಂಕಣದಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ: ‘ಆಸ್ಪತ್ರೆಯ ಕಾಗದಗಳನ್ನು ಇನ್ಶೂರೆನ್ಸ್ ಕಂಪನಿಗೆ ಕಳಿಸುವ ಮೊದಲು ಮೊಬೈಲಿನ ಎಐಗೆ ಒಂದು ಸಲ ತೋರಿಸಿ.’ ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ 19 ವರ್ಷ ಕೂತಿದ್ದವಳು ನಾನು. ಡಾಕ್ಟರೂ ಅಲ್ಲ, ಲಾಯರೂ ಅಲ್ಲ, ಕಂಪ್ಯೂಟರ್ ಓದಿದವಳಂತೂ ಅಲ್ಲವೇ ಅಲ್ಲ. ಕ್ಲೇಮು ಎಲ್ಲಿ ಎಡವುತ್ತದೆ ಅನ್ನುವುದು ಮಾತ್ರ ಗೊತ್ತು.

ಮೇಡಂ, ನನ್ನ ಯಜಮಾನರಿಗೆ ಎದೆನೋವು ಬಂದು ರಾತ್ರಿ ಅಡ್ಮಿಟ್ ಮಾಡಿದೆವು. ಸ್ಟೆಂಟ್ ಹಾಕಿದರು. ಪಾಲಿಸಿ ತಗೊಂಡು ಎರಡು ವರ್ಷ ಆಗಿದೆ. ‘ನಿಮಗೆ 10 ವರ್ಷದಿಂದ ಬಿಪಿ ಇದೆ, ಫಾರ್ಮಿನಲ್ಲಿ ಮುಚ್ಚಿಟ್ಟಿದ್ದೀರಿ’ ಅಂತ ಕಂಪನಿಯವರು ಕ್ಲೇಮು ರಿಜೆಕ್ಟ್ ಮಾಡಿದ್ದಾರೆ. ದೇವರಾಣೆಗೂ ಬಿಪಿ ಗೊತ್ತಾಗಿದ್ದೇ 10 ತಿಂಗಳ ಹಿಂದೆ. ಬಳೆ ಅಡ ಇಟ್ಟು 2 ಲಕ್ಷ 10 ಸಾವಿರ ಕಟ್ಟಿದ್ದೇನೆ. ಎಐ ಇದನ್ನು ಸರಿ ಮಾಡುತ್ತಾ?
– ಓದುಗಿ, ದಾವಣಗೆರೆ

ಅಮ್ಮಾ, ಎಐ ಸರಿ ಮಾಡಲ್ಲ. ತಪ್ಪು ಎಲ್ಲಿದೆ ಅಂತ ಹುಡುಕಿ ಕೊಡುತ್ತದೆ. ಸರಿ ಮಾಡಬೇಕಾದವರು ಆ ಕಾಗದ ಬರೆದ ಡಾಕ್ಟರು.

ನಿಮ್ಮ ಪತ್ರ ಓದಿದಾಗ ನನಗೆ ನಮ್ಮ ಮಾವನವರು ನೆನಪಾದರು. 2011ರಲ್ಲಿ ಅವರಿಗೆ ಹರ್ನಿಯಾ ಆಪರೇಷನ್ ಆಯಿತು, ಬೇರೆ ಊರಿನ ಆಸ್ಪತ್ರೆಯಲ್ಲಿ. ಡ್ಯೂಟಿ ಡಾಕ್ಟರು ‘ಬೀಡಿ, ಸಿಗರೇಟು ಇದೆಯಾ?’ ಅಂತ ಕೇಳಿದರು. ‘ಬಿಟ್ಟು ಇಪ್ಪತ್ತು ವರ್ಷ ಆಯಿತಪ್ಪಾ’ ಅಂದರು ಮಾವ, ಸ್ವಲ್ಪ ಜಂಬದಿಂದಲೇ. ಡಿಸ್ಚಾರ್ಜ್ ದಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ ಸಮ್ಮರಿ, ಅಂದರೆ ಮನೆಗೆ ಕಳಿಸುವಾಗ ಆಸ್ಪತ್ರೆ ಕೊಡುವ ಸಾರಾಂಶದ ಹಾಳೆ, ತಿರುಗಿಸಿ ನೋಡುತ್ತೇನೆ, ‘20 ವರ್ಷದಿಂದ ಧೂಮಪಾನಿ’ ಅಂತ ಟೈಪಾಗಿದೆ! ಕಾಫಿ ಅಲ್ಲೇ ಬಿಟ್ಟು ವಾರ್ಡಿಗೆ ಓಡಿದೆ. ಆ ಡಾಕ್ಟರು ಒಳ್ಳೆಯವರು. ಹಳೆಯ ಸಾಲಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು, ಸಹಿ ಹಾಕಿ, ತಾರೀಖು ಹಾಕಿ ಕೊಟ್ಟರು. ನನಗೆ ಅದು ದಿನನಿತ್ಯದ ಕೆಲಸವಾಗಿತ್ತು, ಕಣ್ಣಿಗೆ ಬಿತ್ತು. ಆಸ್ಪತ್ರೆ ಮೆಟ್ಟಿಲು ಹತ್ತಿ ಗೊತ್ತಿಲ್ಲದವರಿಗೆ ಹೇಗೆ ಬೀಳಬೇಕು? ಎಐ ನಿಮ್ಮ ಕೆಲಸಕ್ಕೆ ಬರುವುದು ಇಲ್ಲೇ. ನಲವತ್ತು ಪುಟ ಓದಿದರೂ ಅದಕ್ಕೆ ಆಕಳಿಕೆ ಬರಲ್ಲ.

ಮೊದಲು ಆಸ್ಪತ್ರೆಗೆ ಹೋಗಿ ಪೂರ್ತಿ ಕೇಸ್ ಶೀಟಿನ ಝೆರಾಕ್ಸ್ ಕೇಳಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಎಮರ್ಜೆನ್ಸಿಯಲ್ಲಿ ಬರೆದ ಮೊದಲ ಹಾಳೆ, ನರ್ಸುಗಳ ಚಾರ್ಟು, ಎಲ್ಲಾ ಬೇಕು. ‘ಕೊಡಲ್ಲ’ ಅಂದರೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿಯ ನಿಯಮವೇ ಹೇಳುತ್ತದೆ.

ಆಮೇಲೆ ಒಂದೊಂದು ಪುಟದ ಫೋಟೋ ತೆಗೆಯಿರಿ. ಹೆಸರು, ಆಧಾರ್, ಫೋನ್ ನಂಬರು, ಪಾಲಿಸಿ ನಂಬರು ಇರುವ ಜಾಗಕ್ಕೆ ಒಂದು ಕಾಗದದ ಚೂರು ಇಟ್ಟು ತೆಗೆಯಿರಿ. ಇದನ್ನು ಮರೆಯಬೇಡಿ. ಚಾಟ್‌ಜಿಪಿಟಿಯೋ ಜೆಮಿನಿಯೋ, ಯಾವುದಾದರೂ ಸರಿ. ಕನ್ನಡದಲ್ಲೇ ಹೀಗೆ ಕೇಳಿ: ‘ಈ ಪುಟಗಳಲ್ಲಿ ಬಿಪಿ, ಶುಗರ್, ಹೃದಯದ ಬಗ್ಗೆ ಎಲ್ಲೆಲ್ಲಿ ಏನು ಬರೆದಿದೆ? ಪುಟದ ಸಂಖ್ಯೆ ಮತ್ತು ತಾರೀಖು ಹಾಕಿ, ಇದ್ದದ್ದನ್ನು ಇದ್ದ ಹಾಗೇ ಕೊಡು. ಒಂದಕ್ಕೊಂದು ತಾಳೆಯಾಗದ್ದು ಯಾವುದು? ಓದಲು ಬರದಿದ್ದರೆ ಬರಲ್ಲ ಅಂತ ಹೇಳು, ಊಹೆ ಬೇಡ.’ ಕೊನೆಯ ವಾಕ್ಯ ಬಿಡಬೇಡಿ. ಬಿಟ್ಟರೆ ಅದು ಊಹೆ ಮಾಡಿಯೇ ಮಾಡುತ್ತದೆ.

ಅದು ತೋರಿಸಿದ ಪುಟಕ್ಕೆ ಹೋಗಿ ನಿಮ್ಮ ಕಣ್ಣಿನಿಂದ ನೋಡಿ. ಮೊದಲ ಹಾಳೆಯಲ್ಲಿ ‘10 ತಿಂಗಳು’ ಅಂತಿದ್ದು, ಟೈಪಾದ ಸಮ್ಮರಿಯಲ್ಲಿ ‘10 ವರ್ಷ’ ಆಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹತ್ತು ತಿಂಗಳ ಹಿಂದೆ ಬಿಪಿ ಮೊದಲು ಸಿಕ್ಕಿದಾಗ ನಿಮ್ಮ ಫ್ಯಾಮಿಲಿ ಡಾಕ್ಟರು ಕೊಟ್ಟ ಚೀಟಿ ಹುಡುಕಿ. ಮಾತ್ರೆ ಅಂಗಡಿಯ ಹಳೆಯ ಬಿಲ್ಲೂ ಆಗುತ್ತದೆ. ಸ್ಟೆಂಟ್ ಹಾಕಿದ ಡಾಕ್ಟರಿಂದ ‘ಸಮ್ಮರಿಯಲ್ಲಿ ಬರೆದದ್ದು ತಪ್ಪು’ ಅಂತ ಅವರ ಲೆಟರ್‌ಹೆಡ್ಡಿನಲ್ಲಿ ಪತ್ರ ತಗೊಳ್ಳಿ. ದಯವಿಟ್ಟು ಬಿಳಿ ಇಂಕು ಹಚ್ಚಿಸಬೇಡಿ, ಹಳೆಯ ತಾರೀಖಿನಲ್ಲಿ ಹೊಸ ಸಮ್ಮರಿ ಮಾಡಿಸಬೇಡಿ. ಅದನ್ನು ಕಂಪನಿಯವರು ಹಿಡಿದರೆ ಇದ್ದ ನ್ಯಾಯವೂ ಹೋಗುತ್ತದೆ.

ಇದೆಲ್ಲಾ ಜೋಡಿಸಿ ಕಂಪನಿಯಲ್ಲಿ ದೂರು ನೋಡಿಕೊಳ್ಳುವ ಗ್ರೀವೆನ್ಸ್ ಆಫೀಸರಿಗೆ ಮೇಲ್ ಮಾಡಿ. ಪತ್ರದ ಕರಡನ್ನು ಎಐ ಬರೆದುಕೊಡಲಿ, ಒಂದೇ ಪುಟ ಇರಲಿ. ‘ಪಾಲಿಸಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಿದ್ದೀರಿ?’ ಅಂತ ಕೇಳಿ. ಷರತ್ತಿನ ಹೆಸರು ಹೇಳದೆ ರಿಜೆಕ್ಟ್ ಮಾಡುವ ಹಾಗಿಲ್ಲ. 2024ರ ಮೇ 29ರಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಹೊರಡಿಸಿದ ಮಾಸ್ಟರ್ ಸರ್ಕ್ಯುಲರಿನಲ್ಲಿ ಇದು ಇದೆ. ಕಂಪನಿಯೊಳಗಿನ ಕ್ಲೇಮ್ಸ್ ರಿವ್ಯೂ ಕಮಿಟಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದು ಅಂತಲೂ ಅದರಲ್ಲೇ ಇದೆ. ಹಾಗಾಗಿ ‘ಕಮಿಟಿ ಒಪ್ಪಿದೆಯಾ?’ ಅಂತಲೂ ಒಂದು ಸಾಲು ಸೇರಿಸಿ.

ತಿಂಗಳಾದರೂ ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿಯ ಕಚೇರಿಗೆ ದೂರು ಕೊಡಿ. ಇಡೀ ಕರ್ನಾಟಕಕ್ಕೆ ಅದೇ. ಫೀಸಿಲ್ಲ, ಲಾಯರ್ ಬೇಡ, 50 ಲಕ್ಷದವರೆಗೆ ತೀರ್ಪು ಕೊಡಬಹುದು. ಕಂಪನಿ ಕೊನೆಯದಾಗಿ ‘ಇಲ್ಲ’ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ. ಬಳೆ ಬಿಡಿಸಿಕೊಳ್ಳುವ ದಿನ ನನಗೂ ಒಂದು ಕಾರ್ಡು ಹಾಕಿ.

ಮೇಡಂ, ನಾನು ಎಐ ಹತ್ತಿರ ಅಪೀಲು ಬರೆಸಿದೆ. ಸುಪ್ರೀಂ ಕೋರ್ಟಿನ ಎರಡು ತೀರ್ಪು ಎಲ್ಲಾ ಹಾಕಿ ಜಬರ್ದಸ್ತಾಗಿ ಬರೆದುಕೊಟ್ಟಿತು. ಕಂಪನಿಯಿಂದ ‘ಈ ತೀರ್ಪುಗಳು ಇಲ್ಲವೇ ಇಲ್ಲ’ ಅಂತ ಉತ್ತರ ಬಂದಿದೆ. ಮುಖಭಂಗ ಆಯಿತು.
– ಓದುಗ, ಹುಬ್ಬಳ್ಳಿ

ಆಗಲೇಬೇಕಿತ್ತು! ಓದಿದ ಹುಡುಗ, ತೀರ್ಪಿನ ಹೆಸರು ಒಂದು ಸಲ ಹುಡುಕಿ ನೋಡಬಾರದಿತ್ತಾ?

ಗೊತ್ತಿಲ್ಲ ಅನ್ನುವುದು ಈ ಎಐಗೆ ಸುಲಭವಾಗಿ ಬಾಯಿಗೆ ಬರಲ್ಲ. ಅಡ್ರೆಸ್ ಗೊತ್ತಿಲ್ಲದಿದ್ದರೂ ದಾರಿ ಹೇಳುವವರು ಊರಲ್ಲಿ ಇರುತ್ತಾರಲ್ಲ, ಹಾಗೆ. ಇನ್ನೊಂದು ತೊಂದರೆಯೂ ಇದೆ. ಅದರ ತಲೆಯಲ್ಲಿ ಹಳೆಯ ನಿಯಮ ಕೂತಿರುತ್ತದೆ. ನಾನೇ ಪರೀಕ್ಷೆ ಮಾಡೋಣ ಅಂತ ಒಂದು ಸಲ ಕೇಳಿದೆ: ‘ಎಷ್ಟು ವರ್ಷ ಪಾಲಿಸಿ ನಡೆಸಿದ ಮೇಲೆ, ಮುಚ್ಚಿಟ್ಟಿದ್ದೀರಿ ಅಂತ ಕಂಪನಿ ತಕರಾರು ತೆಗೆಯುವ ಹಾಗಿಲ್ಲ?’ ಎಂಟು ವರ್ಷ ಅಂದಿತು, ಎಷ್ಟು ಧೈರ್ಯವಾಗಿ ಅಂತೀರಿ! 2024ರ ಏಪ್ರಿಲ್‌ನಿಂದ ಅದು 60 ತಿಂಗಳಿಗೆ ಇಳಿದಿದೆ, ಮೋಸ ಸಾಬೀತಾದರೆ ಮಾತ್ರ ಬೇರೆ ಮಾತು. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯೂ 48 ತಿಂಗಳಿನಿಂದ 36ಕ್ಕೆ ಬಂದಿದೆ. ‘2024ರಲ್ಲಿ ಬದಲಾಗಿದೆಯಲ್ಲ?’ ಅಂತ ನಾನು ಕೇಳಿದ ಮೇಲೆ ‘ಕ್ಷಮಿಸಿ, ನೀವು ಹೇಳಿದ್ದು ಸರಿ’ ಅಂತ ನಯವಾಗಿ ಹೇಳಿತು. ನಾನು ಕೇಳದಿದ್ದರೆ?

ಎರಡನೇ ಪತ್ರ ಬರೆಯಿರಿ. ಈ ಸಲ ಪಾಲಿಸಿಯ ಪೂರ್ತಿ ಪಿಡಿಎಫ್ ಮತ್ತು ರಿಜೆಕ್ಷನ್ ಪತ್ರ ಎರಡನ್ನೂ ಹಾಕಿ. ‘ಈ ಎರಡು ಕಾಗದದಲ್ಲಿ ಇರುವುದನ್ನು ಬಿಟ್ಟು ಬೇರೆ ಏನೂ ಬಳಸಬೇಡ’ ಅಂತ ಕಟ್ಟುನಿಟ್ಟಾಗಿ ಹೇಳಿ. ತೀರ್ಪು ಬೇಕಿಲ್ಲ. ಕಂಪನಿಯ ಕಾಗದವನ್ನೇ ಕಂಪನಿಗೆ ತೋರಿಸಿದರೆ ಸಾಕು. ಮೊದಲ ಪತ್ರ ಹಿಂತೆಗೆದುಕೊಂಡಿದ್ದೇನೆ ಅಂತ ಒಂದು ಸಾಲು ಇರಲಿ, ನಾಚಿಕೆ ಏನಿಲ್ಲ.

ಅಕ್ಕಾ, ನಮ್ಮ ತಾಯಿಯ ಗಾಲ್‌ಬ್ಲಾಡರ್ ಆಪರೇಷನ್ನಿಗೆ 1,68,000 ಬಿಲ್ ಆಯಿತು. ಕಂಪನಿ ಕೊಟ್ಟದ್ದು 96,000. ‘ನಿಮ್ಮ ಮಿತಿ ದಿನಕ್ಕೆ 3,000, ನೀವು ತಗೊಂಡದ್ದು 5,000ದ ರೂಮು, ಅದಕ್ಕೆ ಎಲ್ಲದರಲ್ಲೂ 40 ಪರ್ಸೆಂಟ್ ಕಡಿತ’ ಅಂದರು. ಇದೂ ಒಂಥರಾ ರಿಜೆಕ್ಟೇ ಅಲ್ವಾ?
– ಓದುಗ, ತುಮಕೂರು

ಹೌದಪ್ಪಾ, ಅರ್ಧ ರಿಜೆಕ್ಟು. ಪೂರ್ತಿ ರಿಜೆಕ್ಟಾದವರು ಜಗಳಕ್ಕೆ ಹೋಗುತ್ತಾರೆ. ಅರ್ಧ ಬಂದವರು ‘ಅಷ್ಟಾದರೂ ಬಂತಲ್ಲ’ ಅಂತ ಸುಮ್ಮನಾಗುತ್ತಾರೆ. ನೀವು ಬಿಲ್ಲಿನ ಪ್ರತಿ ಕಳಿಸಿದ್ದು ಒಳ್ಳೆಯದಾಯಿತು. ನಾನು ಅದನ್ನು ಎಐಗೆ ಕೊಟ್ಟು ಸಾಲು ಸಾಲಾಗಿ ಬೇರೆ ಮಾಡಿಸಿದೆ, ಆಮೇಲೆ ಕ್ಯಾಲ್ಕುಲೇಟರ್ ಹಿಡಿದು ನಾನೇ ಕೂಡಿದೆ.

ನಾಲ್ಕು ದಿನದ ರೂಮು 20,000. ಸರ್ಜನ್, ಥಿಯೇಟರ್, ನರ್ಸಿಂಗ್ ಸೇರಿ 80,000. ಔಷಧಿ ಮತ್ತು ಟೆಸ್ಟುಗಳು 60,000. ಗ್ಲೌಸು, ಡೈಪರು, ಫೈಲಿನ ಖರ್ಚು ಅಂತ 8,000. ಕೊನೆಯ ಎಂಟು ಸಾವಿರದ ಆಸೆ ಬಿಡಿ, ನಿಮ್ಮ ಪಾಲಿಸಿಯಲ್ಲಿ ಅದಕ್ಕೆ ಕವರ್ ಇಲ್ಲ. ರೂಮಿಗೆ ನಿಮ್ಮ ಮಿತಿಯ ಪ್ರಕಾರ 12,000 ಬರಬೇಕು. ಸರ್ಜನ್, ಥಿಯೇಟರ್ ಇತ್ಯಾದಿಗೆ ಐದರಲ್ಲಿ ಮೂರು ಪಾಲು, ಅಂದರೆ 48,000. ಇಲ್ಲಿಯವರೆಗೆ ಕಂಪನಿಯ ಲೆಕ್ಕ ಸರಿ.

ಆದರೆ ಔಷಧಿ, ಟೆಸ್ಟುಗಳಲ್ಲೂ 40 ಪರ್ಸೆಂಟ್ ಕತ್ತರಿಸಿದ್ದಾರೆ. ಸಿಂಗಲ್ ರೂಮಿನಲ್ಲಿ ಮಲಗಿದರೆ ಆಂಟಿಬಯೋಟಿಕ್ಕಿನ ರೇಟು ಜಾಸ್ತಿ ಆಗುತ್ತಾ? ಇಲ್ಲವಲ್ಲ. ಅದಕ್ಕೇ 2020ರಲ್ಲಿ ಐಆರ್‌ಡಿಎಐ ಹೇಳಿತು: ರೂಮಿನ ಲೆಕ್ಕದಲ್ಲಿ ಕಡಿತ ಮಾಡುವಾಗ ಔಷಧಿ, ಬಳಸಿ ಬಿಸಾಡುವ ಸಾಮಾನು, ದೇಹದೊಳಗೆ ಹಾಕುವ ಇಂಪ್ಲಾಂಟು, ಟೆಸ್ಟುಗಳನ್ನು ಮುಟ್ಟಬಾರದು. ಐಸಿಯು ಚಾರ್ಜಿನಲ್ಲೂ ಹಾಗೆ ಕಡಿತ ಇಲ್ಲ. ನಿಮ್ಮ ಪಾಲಿಸಿಯಲ್ಲಿ ‘ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್’ ಅನ್ನುವುದರ ಅರ್ಥ ಕೊಟ್ಟ ಕಡೆ ಇದೇ ಮಾತಿದೆ. ಹಾಗಾದರೆ 12, 48, 60 ಸೇರಿ 1,20,000 ಬರಬೇಕಿತ್ತು. ಇನ್ನು 24,000 ಬಾಕಿ. ಈ ಪ್ಯಾರಾದಲ್ಲಿರುವ ಲೆಕ್ಕವನ್ನೇ ಮೇಲಿನಲ್ಲಿ ಹಾಕಿ ಕಳಿಸಿ.

ಮುಂದಿನ ಸಲ ಅಡ್ಮಿಟ್ ಆಗುವ ಮೊದಲೇ ಪಾಲಿಸಿ ಪಿಡಿಎಫ್ ಕೊಟ್ಟು ‘ರೂಮಿನ ಮಿತಿ ಎಷ್ಟು, ಯಾವ ಪುಟದಲ್ಲಿದೆ?’ ಅಂತ ಎಐಯನ್ನು ಕೇಳಿ. ಆಟೋದಲ್ಲಿ ಹೋಗುತ್ತಾ ಕೇಳಿದರೂ ಆಯಿತು.

ಎಐ ನಮ್ಮಮ್ಮನ ಚೀಟಿ ಓದಿ ‘ಬಿಪಿ ಮಾತ್ರೆಯನ್ನು ಬಲಗಣ್ಣಿಗೆ ಹಾಕಬೇಕು’ ಅನ್ನುತ್ತಿದೆ! ಇದನ್ನು ನಂಬಿ ಅಂತೀರಾ?
– ಓದುಗಿ, ಉಡುಪಿ

ನಕ್ಕು ನಕ್ಕು ಸಾಕಾಯಿತು. ಚೀಟಿಯಲ್ಲಿ ಇಂಗ್ಲಿಷಿನ ‘OD’ (ಓ.ಡಿ.) ಅಂತ ಇರಬೇಕು. ಮಾತ್ರೆಯ ಪಕ್ಕ ಇದ್ದರೆ ‘ದಿನಕ್ಕೊಂದು ಸಲ’ ಅಂತ ಅರ್ಥ, ಕಣ್ಣಿನ ಡಾಕ್ಟರು ಬರೆದರೆ ‘ಬಲಗಣ್ಣು’. ನಿಮ್ಮಮ್ಮನಿಗೆ ಪೊರೆ ಆಪರೇಷನ್ನೂ ಆಗಿರುವುದರಿಂದ ಎರಡೂ ಥರದ ಚೀಟಿ ಒಟ್ಟಿಗೆ ಕೊಟ್ಟಿದ್ದೀರಿ, ಅದಕ್ಕೆ ಗೊಂದಲವಾಗಿದೆ. ಬೇರೆ ಬೇರೆ ಕೊಡಿ. ಪೊರೆಯ ಕ್ಲೇಮಿನಲ್ಲಿ ಎಡ–ಬಲ ಅದಲುಬದಲಾಗುವುದು ನಿಜವಾಗಿಯೂ ಇದೆ. ಸ್ಕ್ಯಾನಿನಲ್ಲಿ ಒಂದು ಕಣ್ಣು, ಬಿಲ್ಲಿನಲ್ಲಿ ಇನ್ನೊಂದು. ಲೆನ್ಸಿನ ಸ್ಟಿಕರ್ ಅಂಟಿಸಿದ ಹಾಳೆ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು ಮೂರರಲ್ಲೂ ಒಂದೇ ಕಣ್ಣಿದೆಯಾ ಅಂತ ಮಾತ್ರ ನೋಡಿಸಿ. ಮಾತ್ರೆಯನ್ನು ಬಾಯಿಗೇ ಹಾಕಿ.

ನಮಸ್ತೆ. ನ್ಯೂಜೆರ್ಸಿಯಲ್ಲಿದ್ದೇನೆ. ಬೆನ್ನಿನ ಎಂಆರ್‌ಐಗೆ ಕಂಪನಿ ಮುಂಚಿತ ಒಪ್ಪಿಗೆ ಕೊಡಲಿಲ್ಲ. ಇಲ್ಲಿ ಕಂಪನಿಗಳೇ ಎಐಯಿಂದ ರಿಜೆಕ್ಟ್ ಮಾಡಿಸುತ್ತವೆ ಅನ್ನುತ್ತಾರೆ. ಮಷೀನಿನ ಎದುರು ನಾನೇನು ಮಾಡಲಿ?
– ಓದುಗ, ಅಮೆರಿಕ

ನಿಮ್ಮ ದೇಶದ ಇನ್ಶೂರೆನ್ಸು ಬೇರೆಯೇ ಒಂದು ಪುರಾಣ. ಅಲ್ಲಿರುವ ನನ್ನ ತಂಗಿಯ ಮಗಳಿಂದ ಕೇಳಿ ತಿಳಿದದ್ದು, ಓದಿದ್ದು ಸೇರಿಸಿ ಹೇಳುತ್ತೇನೆ.

ನೀವು ಕೇಳಿದ್ದು ಗಾಳಿಮಾತಲ್ಲ. ಸಿಗ್ನಾ ಕಂಪನಿಯ ಡಾಕ್ಟರುಗಳು 2022ರಲ್ಲಿ ಎರಡು ತಿಂಗಳಲ್ಲಿ 3 ಲಕ್ಷಕ್ಕೂ ಜಾಸ್ತಿ ಕ್ಲೇಮು ನಿರಾಕರಿಸಿದರು, ಒಂದೊಂದಕ್ಕೆ ಸರಾಸರಿ 1.2 ಸೆಕೆಂಡು ತಗೊಂಡರು ಅಂತ ಪ್ರೊಪಬ್ಲಿಕಾ ಅನ್ನುವ ಸುದ್ದಿಸಂಸ್ಥೆ 2023ರ ಮಾರ್ಚಿನಲ್ಲಿ ವರದಿ ಮಾಡಿತು. ಕಂಪನಿ ಆ ಚಿತ್ರಣವನ್ನು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ. ಚಿಕಿತ್ಸೆ ಬೇಕೋ ಬೇಡವೋ ಅಂತ ಎಐ ಒಂದೇ ತೀರ್ಮಾನಿಸಬಾರದು, ವೈದ್ಯಕೀಯ ಪರವಾನಗಿ ಇರುವ ಮನುಷ್ಯರು ತೀರ್ಮಾನಿಸಬೇಕು ಅಂತ. ನೀವಿರುವುದು ನ್ಯೂಜೆರ್ಸಿ, ಅದು ನಿಮಗೆ ಅನ್ವಯಿಸಲ್ಲ.

ನನಗೆ ಆಶ್ಚರ್ಯವಾದದ್ದು ಇನ್ನೊಂದು. ಅಲ್ಲಿನ ಸರ್ಕಾರಿ ಮಾರುಕಟ್ಟೆ ತಾಣದಲ್ಲಿ ಮಾರುವ ಪ್ಲಾನುಗಳ ಲೆಕ್ಕ ಕೆಎಫ್‌ಎಫ್ ಅನ್ನುವ ಸಂಸ್ಥೆ ಹಾಕಿದೆ. 2023ರಲ್ಲಿ ನೆಟ್‌ವರ್ಕಿನೊಳಗಿನ, ಅಂದರೆ ಕಂಪನಿಯ ಜೊತೆ ಒಪ್ಪಂದ ಇರುವ ಆಸ್ಪತ್ರೆ, ಡಾಕ್ಟರುಗಳ ಕ್ಲೇಮುಗಳಲ್ಲೇ ಸುಮಾರು 19 ಪರ್ಸೆಂಟ್ ನಿರಾಕರಣೆ. ಅಪೀಲು ಹೋದವರು ನೂರಕ್ಕೆ ಒಬ್ಬರೂ ಇಲ್ಲ! ಅಪೀಲು ಬರೆಯುವುದಕ್ಕೆ ಜನಕ್ಕೆ ಪುರುಸೊತ್ತೂ ಇಲ್ಲ, ಶಕ್ತಿಯೂ ಇಲ್ಲ. ಅದನ್ನು ನೋಡಿಯೇ ರೋಗಿಗಳ ಪರವಾಗಿ ಪತ್ರ ಬರೆಯುವ ಎಐಗಳು ಅಲ್ಲಿ ಹುಟ್ಟಿಕೊಂಡಿವೆ. ಕೌಂಟರ್‌ಫೋರ್ಸ್ ಹೆಲ್ತ್, ಫೈಟ್ ಹೆಲ್ತ್ ಇನ್ಶೂರೆನ್ಸ್ ಅನ್ನುವ ಹೆಸರಿನವು. ಬಳಸಿ ನೋಡಿ.

ನಿರಾಕರಣೆಯ ಪತ್ರ ಬಂದ 180 ದಿನದೊಳಗೆ ಕಂಪನಿಗೆ ಅಪೀಲು. ಅದೂ ಸೋತರೆ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆ ಕೇಳಬಹುದು. ಬೆನ್ನಿನ ಎಂಆರ್‌ಐಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಮೊದಲು ಇಷ್ಟು ವಾರ ಫಿಸಿಯೋಥೆರಪಿ, ಮಾತ್ರೆ ಮಾಡಿ ನೋಡಿದಿರಾ?’ ಮಾಡಿದ್ದರೆ ಅದರ ತಾರೀಖುಗಳು ಡಾಕ್ಟರ ಟಿಪ್ಪಣಿಯಲ್ಲಿ ಇವೆಯಾ ಅಂತ ಎಐ ಹತ್ತಿರ ಹುಡುಕಿಸಿ. ಇಲ್ಲದಿದ್ದರೆ ಡಾಕ್ಟರಿಗೆ ಹೇಳಿ ಸೇರಿಸಿಸಿ. ಕಾಲು ಜೋಮು ಹಿಡಿಯುವುದು, ಶಕ್ತಿ ಕಡಿಮೆ ಆಗುವುದು ಇದ್ದರೆ ಅಪೀಲಿಗೆ ಕಾಯದೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಥೈರಾಯ್ಡ್ ಇದೆ ಅಂತ ಫಾರ್ಮಿನಲ್ಲಿ ಬರೆಯಬೇಡಿ, ಪ್ರೀಮಿಯಂ ಜಾಸ್ತಿ ಆಗುತ್ತೆ ಅನ್ನುತ್ತಾರೆ ನಮ್ಮ ಏಜೆಂಟ್. ಆಮೇಲೆ ತೊಂದರೆಯಾದರೆ ಎಐ ನೋಡಿಕೊಳ್ಳುತ್ತಂತೆ!
– ಓದುಗಿ, ಹಾಸನ

ಕ್ಲೇಮಿನ ದಿನ ನಿಮ್ಮ ಏಜೆಂಟ್ ಫೋನೇ ಎತ್ತಲ್ಲ, ನೋಡ್ತಾ ಇರಿ. ಬರೆಯಿರಿ. ಥೈರಾಯ್ಡಷ್ಟೇ ಅಲ್ಲ, ಹೆರಿಗೆ ಹೊತ್ತಿನಲ್ಲಿ ಬಂದು ಹೋದ ಶುಗರ್ ಕೂಡ ಬರೆಯಿರಿ. ಇಂಗ್ಲಿಷ್ ಫಾರ್ಮಿನ ಫೋಟೋ ತೆಗೆದು ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಹೇಳು ಅಂತ ಎಐಗೆ ಹೇಳಿ, ಉತ್ತರ ನೀವೇ ತುಂಬಿ. ಪಾಲಿಸಿ ಕೈಗೆ ಬಂದ ಮೇಲೆ ಅದರ ಜೊತೆ ಫಾರ್ಮಿನ ಪ್ರತಿಯೂ ಇರುತ್ತದೆ. ಎಲ್ಲದಕ್ಕೂ ‘ಇಲ್ಲ’ ಅಂತ ಯಾರೋ ಟಿಕ್ ಹಾಕಿಬಿಟ್ಟಿದ್ದಾರಾ ನೋಡಿ. ಸರಿಯಿಲ್ಲದಿದ್ದರೆ 30 ದಿನದೊಳಗೆ ಪಾಲಿಸಿ ವಾಪಸ್ ಮಾಡುವ ಅವಕಾಶ ಇದೆ.

ನನಗೆ 71. ನಿವೃತ್ತ ಮೇಷ್ಟ್ರು. ಸ್ಮಾರ್ಟ್‌ಫೋನ್ ಬಳಸಲು ಬರುವುದಿಲ್ಲ. ಎಐ ಇಲ್ಲದವನ ಗತಿಯೇನು ತಾಯಿ?
– ಓದುಗರು, ಸಾಗರ

ಮೇಷ್ಟ್ರೇ, ನಲವತ್ತು ವರ್ಷ ಮಕ್ಕಳ ನೋಟ್‌ಬುಕ್ಕು ತಿದ್ದಿದ ನಿಮಗೆ ಎಐ ಯಾಕೆ? ಡಿಸ್ಚಾರ್ಜ್ ಸಮ್ಮರಿಯನ್ನು ಕೆಂಪು ಪೆನ್ನು ಹಿಡಿದವರ ಹಾಗೇ ಓದಿ. ಹೆಸರು, ವಯಸ್ಸು, ಅಡ್ಮಿಟ್ ಆದ ಹೊತ್ತು, ‘ಎಷ್ಟು ದಿನದಿಂದ’ ಅನ್ನುವ ಸಾಲು. ಇಷ್ಟು ಸಾಕು. ಇಂಗ್ಲಿಷ್ ಸಂಕ್ಷೇಪ ಅರ್ಥವಾಗದಿದ್ದರೆ ವಾರ್ಡಿನ ಸಿಸ್ಟರನ್ನು ಕೇಳಿ. ಕ್ಯಾಶ್‌ಲೆಸ್ ಆದರೆ, ಅಂದರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವುದಾದರೆ, ಕಂಪನಿ ಒಂದು ಗಂಟೆಯೊಳಗೆ ಮೊದಲ ಉತ್ತರ, ಬಿಡುಗಡೆಯ ದಿನ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಕೊಡಬೇಕು. ಅದು ತಡವಾಗಿ ಆಸ್ಪತ್ರೆ ಹೆಚ್ಚಿಗೆ ದುಡ್ಡು ಹಾಕಿದರೆ ಆ ಭಾರ ಕಂಪನಿಯದು. ದೂರು ಕೊಡಲು ಐಆರ್‌ಡಿಎಐ ಸಹಾಯವಾಣಿ 155255ಕ್ಕೆ ಮನೆಯ ಲ್ಯಾಂಡ್‌ಲೈನಿನಿಂದಲೂ ಫೋನ್ ಮಾಡಬಹುದು.

*ಈ ಪುಟ ಅಚ್ಚಿಗೆ ಹೋಗುವ ಮೊದಲು:* ದಾವಣಗೆರೆಯ ಓದುಗಿ ನಿನ್ನೆ ಫೋನ್ ಮಾಡಿದ್ದರು. ಕೇಸ್ ಶೀಟು ಸಿಕ್ಕಿದೆ. ಎಮರ್ಜೆನ್ಸಿಯ ಹಾಳೆಯಲ್ಲಿ ಬಿಪಿ ಪಕ್ಕ ‘10/12’ ಅಂತ ಗೀಚಿದೆಯಂತೆ. ಎಐ ಅದನ್ನು ಡಿಸೆಂಬರ್ 10 ಅಂತ ಓದಿದೆ, ಸಮ್ಮರಿ ಟೈಪ್ ಮಾಡಿದವರು 10 ವರ್ಷ ಅಂತ ಓದಿದ್ದಾರೆ. ಕೆಲವು ಡಾಕ್ಟರುಗಳಿಗೆ ತಿಂಗಳನ್ನು ಹಾಗೆ ಬರೆಯುವ ಅಭ್ಯಾಸ. ಹನ್ನೆರಡರಲ್ಲಿ ಹತ್ತು, ಅಂದರೆ 10 ತಿಂಗಳು. ಬರೆದ ಡಾಕ್ಟರು ಇನ್ನೂ ಅದೇ ಆಸ್ಪತ್ರೆಯಲ್ಲಿದ್ದಾರೆ. ಸೋಮವಾರ ಬೆಳಿಗ್ಗೆ ಬರಲು ಹೇಳಿದ್ದಾರಂತೆ.